ಗಿರಣಿ ಹೋದ ಮೇಲೆ ಉಳಿಯುವುದೇನು?

ದಾದರ್ ಪಶ್ಚಿಮದಲ್ಲಿ ಶಿವಸೇನಾ ಭವನದ ಎದುರು ಐವತ್ತಕ್ಕೂ ಹೆಚ್ಚು ಮಹಡಿಗಳ ಗಾಜಿನ ಕಟ್ಟಡವೊಂದಿದೆ. ಪಕ್ಕದಲ್ಲೇ ವಸತಿಗೆಂದು ಎತ್ತಿದ ಇನ್ನೊಂದು ಟವರ್. ಎರಡಕ್ಕೂ ಸೇರಿ ಕೊಹಿನೂರ್ ಸ್ಕ್ವೇರ್ ಎಂದು ಹೆಸರು. ಹಳೆಯ ಜಾಗದ ಗುರುತು ಉಳಿದಿರುವುದು ಬಹುಮಟ್ಟಿಗೆ ಆ ಹೆಸರಿನಲ್ಲೇ. ಇದು ಕೊಹಿನೂರ್ ಮೂರನೇ ನಂಬರಿನ ಗಿರಣಿಯ ನೆಲ. 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಹರಾಜು ಹಾಕಿದಾಗ ಇದಕ್ಕೆ 421 ಕೋಟಿ ರೂಪಾಯಿ ಬಂತು.

ದಾದರಿನಿಂದ ದಕ್ಷಿಣಕ್ಕೆ ಪರೇಲ್, ಲಾಲ್‌ಬಾಗ್, ವರ್ಲಿಗಳವರೆಗೆ ಹಬ್ಬಿದ್ದ ಈ ಸೀಮೆಗೆ ಮರಾಠಿಯವರು ಇಟ್ಟ ಹೆಸರು ಗಿರಣಗಾವ್, ಅಂದರೆ ಗಿರಣಿಗಳ ಊರು. ಕಾರ್ಖಾನೆ ಪ್ರದೇಶ ಎನ್ನದೆ ಊರು ಎಂದರು. ಕೊಂಕಣದಿಂದ, ಘಟ್ಟದ ಮೇಲಿನಿಂದ ಬಂದ ಗಂಡಸರು ಒಂದೊಂದು ಖೋಲಿಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದರು, ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಉತ್ತರ ಕರ್ನಾಟಕದವರಿಗೆ ಈ ಪದದ ಪರಿಚಯ ಮಾಡಿಕೊಡಬೇಕಿಲ್ಲ. ಹಾಗೆ ಅಡುಗೆ ಮಾಡಿ ಬಡಿಸುತ್ತಿದ್ದ ಹೆಂಗಸರನ್ನು ಒಗ್ಗೂಡಿಸಿ 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಗಿರಣಿಯ ಗೋಡೆಯ ಹೊರಗೂ ಒಂದು ದುಡಿಮೆಯ ಲೋಕವಿತ್ತು ಎಂಬುದಕ್ಕೆ ಇಷ್ಟು ಸಾಕು.

1982ರ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಷ್ಕರ ಅಧಿಕೃತವಾಗಿ ಮುಗಿಯಲೇ ಇಲ್ಲ ಎನ್ನುವುದು ವಾಡಿಕೆ. ಗಿರಣಿಗಳು ಒಂದೊಂದಾಗಿ ಸೊರಗಿದವು. ಉಳಿದದ್ದು ನಗರದ ನಡುಮಧ್ಯೆ ಸುಮಾರು 600 ಎಕರೆ ನೆಲ.

ಆ ನೆಲ ಯಾರಿಗೆ? 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳ 58ನೇ ನಿಯಮದ ಹಂಚಿಕೆ ಸರಳವಾಗಿತ್ತು: ಸುಮಾರು ಮೂರನೇ ಒಂದು ಪಾಲು ಮೈದಾನ, ಉದ್ಯಾನಗಳಿಗಾಗಿ ನಗರಪಾಲಿಕೆಗೆ, ಇನ್ನೊಂದು ಸಾರ್ವಜನಿಕ ವಸತಿಗಾಗಿ ಮ್ಹಾಡಾಕ್ಕೆ, ಮತ್ತೊಂದು ಮಾಲೀಕರಿಗೆ. 1996ರಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ನೇತೃತ್ವದ ಸಮಿತಿ ಗಿರಣಿಗಳ ನೆಲವನ್ನು ಬಿಡಿ ಸೈಟುಗಳಾಗಿ ನೋಡದೆ ಒಟ್ಟಾಗಿ ಯೋಜಿಸಬೇಕೆಂದಿತು. 2001ರಲ್ಲಿ ಸರ್ಕಾರ ನಿಯಮವನ್ನೇ ತಿದ್ದಿತು. ಇನ್ನು ಹಂಚಬೇಕಾದದ್ದು ಇಡೀ ನೆಲವನ್ನಲ್ಲ, ಮೊದಲೇ ಖಾಲಿ ಬಿದ್ದಿದ್ದ ನೆಲವನ್ನಷ್ಟೇ.

ಅನುವಾದಕಿಯಾದ ನನಗೆ ಈ ಕಥೆಯಲ್ಲಿ ಕಣ್ಣು ನೆಡುವುದು ಇಲ್ಲಿಯೇ. ಇಡೀ ವಿವಾದ ಒಂದು ಪದದ ಅರ್ಥಕ್ಕೆ ಬಂದು ನಿಂತಿತು. ಗಿರಣಿಯ ಶೆಡ್ಡು ಕೆಡವಿದ ಮೇಲೆ ತೆರವಾಗುವ ಜಾಗ 'ಖಾಲಿ ನೆಲ'ವೋ ಅಲ್ಲವೋ? ಹೌದು ಎಂದು 2005ರ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ಹೇಳಿತು. ಅಲ್ಲ ಎಂದು 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಗಿರಣಿಯ ಜಾಗದ ಬಹುಪಾಲನ್ನು ಕಟ್ಟಡಗಳೇ ತುಂಬಿದ್ದವು. ಹೀಗಾಗಿ ಊರಿನ ಪಾಲಿಗೆ ಸಿಗಬೇಕಿದ್ದದ್ದು ಚೂರುಪಾರಾಯಿತು.

ಹೊಸ ಟವರು ಹಳೆಯ ಗಿರಣಿ ಸೀಮೆಯ ಗುಣಕ್ಕೆ ಹೊಂದಬೇಕು ಎಂದಾಗ ಸಾಮಾನ್ಯವಾಗಿ ಮಾತು ಇಟ್ಟಿಗೆಯ ಬಣ್ಣಕ್ಕೋ ಚಿಮಣಿಗೋ ಹೋಗುತ್ತದೆ. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಚಿಮಣಿ ಮಾಲ್ ಬಂದ ಮೇಲೂ ಉಳಿಯಿತು. ಉಳಿದದ್ದು ಒಳ್ಳೆಯದೇ. ಆದರೆ ಹೊಗೆಯಿಲ್ಲದ ಚಿಮಣಿಯೊಂದು ಗಿರಣಗಾವ್ ಆಗುವುದಿಲ್ಲ.

ಆ ಗುಣ ಎಲ್ಲಿದೆ ಎಂದು ತಿಳಿಯಬೇಕಾದರೆ ದಾದರ್ ಪೂರ್ವಕ್ಕೆ, ನಾಯಗಾಂವಿನ ಬಿಡಿಡಿ ಚಾಳುಗಳತ್ತ ನಡೆಯಬೇಕು. 1920ರ ದಶಕದಲ್ಲಿ ಸರ್ಕಾರ ಕಾರ್ಮಿಕರಿಗಾಗಿ ಕಟ್ಟಿಸಿದ ನಾಲ್ಕಂತಸ್ತಿನ ಕಟ್ಟಡಗಳು. ಒಂದೊಂದು ಖೋಲಿ 160 ಚದರಡಿ, ಶೌಚಾಲಯ ಹಂಚಿಕೆಯದು. ಅದನ್ನು ದೂರದಿಂದ ನೋಡಿ ಹೊಗಳುವುದು ಸುಲಭ; ನಲ್ಲಿ, ಕಕ್ಕಸಿನ ಮುಂದೆ ಸಾಲು ನಿಂತವರು ಹೊಗಳಲಾರರು. ಪುನರಭಿವೃದ್ಧಿಯಲ್ಲಿ ಅದೇ ಕುಟುಂಬಗಳಿಗೆ ಅದೇ ಜಾಗದಲ್ಲಿ 500 ಚದರಡಿಯ ಮನೆ ಎಂಬ ಯೋಜನೆ ಬಂದಾಗ ಟವರನ್ನು ಬೇಡವೆನ್ನಲು ನನಗಂತೂ ಬಾಯಿ ಬರುವುದಿಲ್ಲ. ಆದರೆ ಆ ಸಾಮಾನ್ಯ ಪಡಸಾಲೆಯಲ್ಲಿ ಮಕ್ಕಳು ಬೆಳೆದರು, ಸಂಘಗಳು ಹುಟ್ಟಿದವು. ಲಿಫ್ಟಿನ ಮುಂದಿನ ಮೂರಡಿ ಜಾಗ ಅದಕ್ಕೆ ಬದಲಿಯಾಗದು.

ಹಾಗಾಗಿ ಟವರಿನ ಎತ್ತರ ಕೇಳುವ ಮೊದಲು ಮೂರು ವಿಷಯ ಕೇಳಬೇಕು: ಹಳಬರು ಅದೇ ಬೀದಿಯಲ್ಲಿ ಉಳಿಯುತ್ತಾರೆಯೇ? ನೆಲದಂತಸ್ತು ಬೀದಿಗೆ ತೆರೆದಿದೆಯೇ? ಬಾಗಿಲಾಚೆ ಕೂರಲು ಜಾಗವಿದೆಯೇ? 58ನೇ ನಿಯಮ ಮೊದಲ ರೂಪದಲ್ಲಿ ಇವುಗಳಲ್ಲಿ ಮೊದಲನೆಯದಕ್ಕಾದರೂ ದಾರಿ ಮಾಡಿತ್ತು. ಹತ್ತು ವರ್ಷಗಳಲ್ಲಿ ಆ ದಾರಿಯನ್ನು ಮುಚ್ಚಿದ್ದು ವಾಸ್ತುಶಿಲ್ಪಿಗಳ ನಕ್ಷೆಯಲ್ಲ, ಒಂದು ತಿದ್ದುಪಡಿ.