ಸೇಬು ಜಾಸ್ತಿಯಾದ ವರ್ಷ ಡೆವನ್‌ನಲ್ಲಿ ಹೊಟ್ಟೆನೋವು

ಬಸ್ಸಲ್ಲಿದ್ದೀರೋ, ರೂಮಲ್ಲಿ ಮಲ್ಕೊಂಡಿದ್ದೀರೋ ಗೊತ್ತಿಲ್ಲ. ಇಯರ್‌ಫೋನ್ ಹಾಕ್ಕೊಳ್ಳಿ, ಮುನ್ನೂರು ವರ್ಷ ಹಿಂದಕ್ಕೆ ಹೋಗೋಣ. ಜಾಗ ಇಂಗ್ಲೆಂಡಿನ ನೈರುತ್ಯ ಮೂಲೆ, ಡೆವನ್ ಅನ್ನೋ ಜಿಲ್ಲೆ. ವರ್ಷ 1724.

ಆ ವರ್ಷ ಡೆವನ್‌ನ ತೋಟಗಳಲ್ಲಿ ಸೇಬಿನ ಬೆಳೆ ವಿಪರೀತ. ತಿಂದು ಮುಗಿಸೋ ಹಾಗಿಲ್ಲ, ಮಾರೋಣ ಅಂದ್ರೆ ದೂರದ ಪೇಟೆಗೆ ಸಾಗಿಸೋಕೆ ರಸ್ತೆ ಸರಿಯಿಲ್ಲ. ಹಾಗಾದ್ರೆ ಏನು ಮಾಡೋದು? ಅವರಿಗೆ ಗೊತ್ತಿದ್ದ ಉತ್ತರ ಒಂದೇ: ಸೈಡರ್. ಅಂದ್ರೆ ಸೇಬಿನ ರಸ ಹುಳಿಸಿ ಮಾಡೋ ಹೆಂಡ.

ಇದರಷ್ಟು ಅಗ್ಗದ ಪಾನೀಯ ಇನ್ನೊಂದಿಲ್ಲ. ಬಿಯರ್‌ಗೆ ಬಾರ್ಲಿ ಬೇಕು, ಕುದಿಸೋಕೆ ಸೌದೆ ಬೇಕು. ಸೈಡರ್‌ಗೆ ಒಲೆಯೇ ಹಚ್ಚಬೇಕಾಗಿಲ್ಲ. ಮರದಿಂದ ಉದುರಿದ, ಪೆಟ್ಟು ಬಿದ್ದ ಹಣ್ಣೂ ನಡೆಯುತ್ತೆ. ದುಂಡನೆಯ ಕಲ್ಲಿನ ತೊಟ್ಟಿ, ಅದರೊಳಗೆ ಉರುಳೋ ಕಲ್ಲಿನ ಚಕ್ರ, ಎಳೆಯೋಕೆ ಕುದುರೆ. ನಮ್ಮ ಎತ್ತಿನ ಗಾಣ ನೋಡಿದವರಿಗೆ ಚಿತ್ರ ತಕ್ಷಣ ಕಣ್ಣಿಗೆ ಕಟ್ಟುತ್ತೆ. ಜಜ್ಜಿದ ಸೇಬನ್ನ ಹುಲ್ಲಿನ ಪದರಗಳ ನಡುವೆ ಪೇರಿಸಿ ಮೇಲಿಂದ ಒತ್ತಿದರೆ ರಸ ಇಳಿಯುತ್ತೆ. ಅದನ್ನ ಮರದ ಪೀಪಾಯಿಗೆ ತುಂಬಿದರೆ ಆಯ್ತು, ಸಕ್ಕರೆ ಬೇಡ, ಹೆಪ್ಪು ಬೇಡ, ಹಣ್ಣಿನಲ್ಲೂ ಗಾಣದಲ್ಲೂ ಇರೋ ಯೀಸ್ಟೇ ಹುಳಿಸುತ್ತೆ. ಉಳಿದ ಚರಟವನ್ನೂ ಬಿಸಾಡ್ತಿರಲಿಲ್ಲ. ನೀರಲ್ಲಿ ನೆನೆಸಿ ಮತ್ತೆ ಹಿಂಡಿ, ತೆಳುವಾದ ಎರಡನೇ ರಸ ತೆಗೀತಿದ್ರು.

ಇದನ್ನ ಜಾಸ್ತಿ ಕುಡಿದವರು ಯಾರು? ಹೊಲದ ಕೂಲಿಯವರು. ದಿನಗೂಲಿಯ ಒಂದು ಭಾಗವನ್ನ ರೈತರು ದುಡ್ಡಿನ ಬದಲು ಸೈಡರ್‌ನಲ್ಲೇ ಕೊಡ್ತಿದ್ರು. ಯಜಮಾನನಿಗೆ ತೋಟದಲ್ಲಿ ಕೊಳೆಯೋ ಹಣ್ಣೇ ಸಂಬಳ ಆಗೋಯ್ತು. ಒಳ್ಳೇ ಲೆಕ್ಕ, ಅಲ್ವಾ?

ಸರಿ, 1724ಕ್ಕೆ ಬರೋಣ. ಸೇಬು ಹೆಚ್ಚಾಯ್ತು, ಸೈಡರ್ ಹೆಚ್ಚಾಯ್ತು, ಅದರ ಬೆನ್ನಿಗೇ ಒಂದು ಕಾಯಿಲೆ. ಕರುಳು ಹಿಂಡೋ ಹೊಟ್ಟೆನೋವು, ಮಲಬದ್ಧತೆ, ಕೆಲವರಿಗೆ ಮಣಿಕಟ್ಟು ಜೋತುಬಿದ್ದು ಕೈಯೇ ಎತ್ತೋಕಾಗ್ತಿರಲಿಲ್ಲ. ಕೂಲಿಯವನ ಕೈ ಬಿದ್ದೋದ್ರೆ ಮನೆಯ ಗತಿ ಏನು, ಯೋಚಿಸಿ. ಪ್ಲಿಮತ್‌ನ ವೈದ್ಯ ಜಾನ್ ಹಕ್ಸ್‌ಹ್ಯಾಮ್ ಇದನ್ನೆಲ್ಲ ಗಮನಿಸಿ 1739ರಲ್ಲಿ ಬರೆದ. ಆದರೆ ತಪ್ಪು ಹೊರಿಸಿದ್ದು ಸೇಬಿನ ಹುಳಿಯ ಮೇಲೆ. ಅರ್ಧ ಸರಿ ಅಷ್ಟೇ.

ಮಧ್ಯೆ ಒಂದು ರಾಜಕೀಯ ಗಲಾಟೆ. ಏಳು ವರ್ಷಗಳ ಯುದ್ಧದಿಂದ ಬ್ರಿಟನ್ ಸಾಲದಲ್ಲಿ ಮುಳುಗಿತ್ತು. (ಅದೇ ಯುದ್ಧದ ಇನ್ನೊಂದು ತುದಿ ನಮ್ಮ ದಕ್ಷಿಣ ಭಾರತದಲ್ಲಿತ್ತು, 1760ರ ವಾಂಡಿವಾಶ್ ಕದನ ಶಾಲೆಯಲ್ಲಿ ಓದಿರ್ತೀರಿ.) ಪ್ರಧಾನಿ ಬ್ಯೂಟ್ 1763ರಲ್ಲಿ ಸೈಡರ್ ತಯಾರಿಸೋರ ಮೇಲೆ ಪೀಪಾಯಿಗೆ 4 ಶಿಲ್ಲಿಂಗ್ ತೆರಿಗೆ ಹಾಕಿಸಿದ. ದುಡ್ಡಿಗಿಂತ ಹೆಚ್ಚು ಸಿಟ್ಟು ಬಂದಿದ್ದು ಅಬಕಾರಿಯವರು ಮನೆಯೊಳಗೇ ನುಗ್ಗಿ ತಪಾಸಣೆ ಮಾಡ್ತಾರೆ ಅನ್ನೋದಕ್ಕೆ. ಸೈಡರ್ ಜಿಲ್ಲೆಗಳು ಸಿಡಿದೆದ್ದವು, 1766ರಲ್ಲಿ ತೆರಿಗೆ ವಾಪಸ್. ನಮ್ಮ ಸೈಡರ್, ನಮ್ಮ ಹಕ್ಕು ಅಂತ ಡೆವನ್ ಬೀಗ್ತಿತ್ತು.

ಮರುವರ್ಷವೇ, 1767ರಲ್ಲಿ, ಲಂಡನ್‌ನಲ್ಲಿ ಒಬ್ಬ ವೈದ್ಯ ಎದ್ದು ನಿಂತು ಹೇಳಿದ: ನಿಮ್ಮ ಸೈಡರ್‌ನಲ್ಲಿ ವಿಷ ಇದೆ. ಹೆಸರು ಜಾರ್ಜ್ ಬೇಕರ್. ಹೊರಗಿನವನಲ್ಲ, ಡೆವನ್‌ನಲ್ಲೇ ಹುಟ್ಟಿದವನು, ಪಾದ್ರಿಯ ಮಗ.

ಅವನು ಕೇಳಿದ ಪ್ರಶ್ನೆ ಸರಳ. ಹಿಯರ್‌ಫರ್ಡ್‌ಶೈರ್, ವುಸ್ಟರ್‌ಶೈರ್ ಕಡೆಯವರೂ ಸೈಡರ್ ಕುಡೀತಾರೆ, ಅವರಿಗ್ಯಾಕೆ ಈ ಕಾಯಿಲೆ ಇಲ್ಲ? ಹಣ್ಣು ಅದೇ, ಹುಳಿಯೂ ಅದೇ. ಹಾಗಾಗಿ ಗಾಣಗಳನ್ನ ಹೋಲಿಸಿದ. ಡೆವನ್‌ನಲ್ಲಿ ತೊಟ್ಟಿಯ ಕಲ್ಲುಗಳನ್ನ ಕೂಡಿಸೋಕೆ ಸೀಸ ಬಳಸ್ತಿದ್ರು, ರಸ ಹಿಂಡೋ ಕಡೆಯೂ ಸೀಸದ ಹಾಳೆ ಹೊದಿಸ್ತಿದ್ರು. ಹುಳಿ ರಸ ಅದನ್ನ ಕರಗಿಸಿ ಪೀಪಾಯಿಗೆ ಒಯ್ತಿತ್ತು. ಪರೀಕ್ಷೆ ಮಾಡಿದಾಗ ಡೆವನ್ ಸೈಡರ್‌ನಲ್ಲಿ ಸೀಸ ಸಿಕ್ತು, ಹಿಯರ್‌ಫರ್ಡ್‌ಶೈರ್‌ನದ್ದರಲ್ಲಿ ಸಿಗಲಿಲ್ಲ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸದೆ ಹುಣಸೆಹುಳಿ ಸಾರು ಮಾಡಬೇಡಿ ಅಂತ ಅಜ್ಜಿಯರು ಬೈತಿದ್ರಲ್ಲ, ಹುಳಿಗೂ ಲೋಹಕ್ಕೂ ಇರೋ ಅದೇ ಜಗಳ ಇದು.

ಡೆವನ್ ಥ್ಯಾಂಕ್ಸ್ ಹೇಳ್ತಾ? ಇಲ್ಲ. ಗಾಣದ ಮಾಲೀಕರು, ಪಾದ್ರಿಗಳು, ಕೆಲವು ವೈದ್ಯರೂ ಅವನ ಮೇಲೆ ಮುಗಿಬಿದ್ರು. ತೆರಿಗೆಯವನು ಮನೆಗೆ ನುಗ್ಗಿದಾಗ ಬಂದ ಕೋಪವೇ ಇಲ್ಲೂ ಬಂತು ಅಂತ ನನಗನಿಸುತ್ತೆ. ಆದರೆ ಒಂದು ವ್ಯತ್ಯಾಸ ಇದೆ. ತೆರಿಗೆ ಕಟ್ಟಬೇಕಾಗಿದ್ದವರು ಮಾಲೀಕರು. ಇಲ್ಲಿ ಹೊಟ್ಟೆ ಹಿಡ್ಕೊಂಡು ಬಿದ್ದಿದ್ದವರಲ್ಲಿ ಹೆಚ್ಚಿನವರು ಕೂಲಿಯವರು, ಅವರ ಅಭಿಪ್ರಾಯ ಯಾರೂ ಕೇಳಲಿಲ್ಲ.

ಬೇಕರ್ ಮುಂದೆ ರಾಜ ಮೂರನೇ ಜಾರ್ಜ್‌ನ ವೈದ್ಯನಾದ. ಡೆವನ್‌ನವರು ಬೈತಾ ಬೈತಾನೇ ನಿಧಾನಕ್ಕೆ ಗಾಣಗಳಿಂದ ಸೀಸ ಕಿತ್ತು ಹಾಕಿದ್ರು, ಮುಂದಿನ ದಶಕಗಳಲ್ಲಿ ಕಾಯಿಲೆ ಕಡಿಮೆಯಾಗ್ತಾ ಬಂತು. ಹೊಲದ ಕೂಲಿಯಲ್ಲಿ ಮದ್ಯ ಸೇರಿಸಿ ಕೊಡೋದು ಕಾನೂನುಬಾಹಿರ ಆಗಿದ್ದು ಮಾತ್ರ 1887ರಲ್ಲಿ, ಬೇಕರ್ ಮಾತಾಡಿ 120 ವರ್ಷ ಆದಮೇಲೆ.