ಮಳೆ ಪುಸ್ತಕದ ಖಾಲಿ ಪುಟ

ಮಳೆಗಾಲದಲ್ಲಿ ಸುಂಟಿಕೊಪ್ಪದ ಚಹಾದಂಗಡಿಗೆ ಹೋದರೆ ಸಲಾಮ್ ಆದ ಕೂಡಲೇ ಕಿವಿಗೆ ಬೀಳುವ ಮಾತು, "ನಿಮ್ಮ ಕಡೆ ನಿನ್ನೆ ಎಷ್ಟು ಸೆಂಟ್?" ಹೊಸಬರು ಜಾಗದ ವ್ಯವಹಾರವೆಂದು ತಿಳಿಯುತ್ತಾರೆ. ಕೊಡಗಿನ ತೋಟಗಳಲ್ಲಿ 100 ಸೆಂಟ್ ಎಂದರೆ ಒಂದು ಇಂಚು ಮಳೆ.

ದೂರದ ಕಾಲೇಜೊಂದರಲ್ಲಿ ಓದುವ ನಮ್ಮ ತಂಗಿಯ ಮಗಳು ಇಂಥದೊಂದು ತೋಟದ ಮಳೆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿದಳು. ಪ್ರಾಜೆಕ್ಟಿಗೆ ಒಳ್ಳೆಯ ಅಂಕವೂ ಬಂತು. ನಾವು ನೋಡಿದರೆ 2018ರ ಆಗಸ್ಟ್ ಮಧ್ಯದಲ್ಲಿ ಸಾಲಾಗಿ ಸೊನ್ನೆಗಳು! ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರುಗಳ ಬೆಟ್ಟಗಳು ಕುಸಿದ ದಿನಗಳವು. ಪುಸ್ತಕದಲ್ಲಿ ಆ ಪುಟ ಖಾಲಿಯಿತ್ತು, ಅವಳು ಸೊನ್ನೆ ಒತ್ತಿದ್ದಳು. ಪರೀಕ್ಷಿಸಿದ ಅಧ್ಯಾಪಕರೂ ಕೇಳಲಿಲ್ಲ.

ಉರ್ದು ಶಾಲೆಯಲ್ಲಿ ನಾವು ಬಲದಿಂದ ಎಡಕ್ಕೆ ಬರೆಯುತ್ತಾ, ಅಂಕಿ ಬಂದಾಗ ಮಾತ್ರ ಎಡದಿಂದ ಬಲಕ್ಕೆ ತಿರುಗುತ್ತಿದ್ದೆವು. ಅಂಕಿಯ ಓದೇ ಬೇರೆ ಎಂಬುದು ನಮಗೆ ಆಗಲೇ ಹೊಳೆಯಬೇಕಿತ್ತು.

ಕೊಡಗಿನಲ್ಲಿ ರಾಜರ ಕಾಲದಲ್ಲೇ ನಾಲ್ಕುನಾಡಿನ ಮಾಪಿಳ್ಳೆಯರು ಕಾಫಿ ಬೆಳೆಯುತ್ತಿದ್ದರೆಂಬ ಪ್ರತೀತಿಯಿದೆ. 1854ರಲ್ಲಿ ಮಡಿಕೇರಿಯ ಬಳಿ ತೋಟ ತೆರೆದ ಫೌಲರನಿಗೆ ಮಾತ್ರ ಇಸವಿ ಸಿಕ್ಕಿತು. ದೊರೆಗಳ ತೋಟಗಳು ಬೆಳೆದಂತೆ ಮಳೆಯ ಲೆಕ್ಕವೂ ಬೆಳೆಯಿತು. ಹೂಮಳೆ ಎಂದು ಬಿತ್ತು, ಆಮೇಲಿನ ಮಳೆ ಎಷ್ಟು ದಿನ ತಡೆಯಿತು ಎಂಬುದರ ಮೇಲೆಯೇ ಫಸಲು ನಿಂತಿತ್ತಲ್ಲ. ಆ ಲೆಕ್ಕ ಬರೆದವರಲ್ಲಿ ಹೆಚ್ಚಿನವರು ತೋಟದ ರೈಟರುಗಳು. ಅವರ ಹೆಸರು ಯಾವ ಗೆಜೆಟಿಯರಿನಲ್ಲೂ ಇಲ್ಲ.

ಇಂಥ ಲೆಕ್ಕ ಓದಬಲ್ಲವರ ಕೈಗೆ ಸಿಕ್ಕಿದರೆ ಏನಾಗುತ್ತದೆ? 1922ರಲ್ಲಿ ಉತ್ತರ ಬಂಗಾಳದಲ್ಲಿ ಭಾರೀ ನೆರೆ ಬಂದಾಗ, ನೀರನ್ನು ತಡೆದು ನಿಲ್ಲಿಸುವ ಜಲಾಶಯಗಳನ್ನು ಕಟ್ಟುವ ಸಲಹೆ ಬಂದಿತ್ತು. ಕಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮಹಾಲನೋಬಿಸ್ 1870ರಿಂದ ಆವರೆಗಿನ ಮಳೆ-ನೆರೆಗಳ ಲೆಕ್ಕವನ್ನು ಹರಡಿಕೊಂಡು ಕೂತರು. ಬೇಕಾಗಿರುವುದು ನೀರು ಬೇಗ ಹರಿದುಹೋಗುವ ದಾರಿ ಎಂದು ತೋರಿಸಿದರು. ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ 1931ರಲ್ಲಿ ಆ ಕಾಲೇಜಿನ ಕೋಣೆಯಲ್ಲೇ ಹುಟ್ಟಿತು.

ನಮ್ಮ ಜಿಲ್ಲೆಯಲ್ಲಿ ಈ ಕೆಲಸಕ್ಕೆ ಕೈಹಾಕಿದ್ದು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ. 2007ರಲ್ಲಿ ಐರೋಪ್ಯ ಒಕ್ಕೂಟದ ನೆರವಿನಿಂದ ಆರಂಭವಾದ ಕಾಫ್‌ನೆಟ್ ಯೋಜನೆಯಲ್ಲಿ ಅಲ್ಲಿನ ಸಂಶೋಧಕರು ಫ್ರೆಂಚ್ ವಿಜ್ಞಾನಿಗಳ ಜೊತೆ ದುಡಿದು, ಬೆಳೆಗಾರರ ಮನೆಯ ಮಳೆ ಲೆಕ್ಕಗಳನ್ನು ಕಲೆಹಾಕಿದರು. ಅಲಮಾರಿನಲ್ಲಿದ್ದ ಪುಸ್ತಕ ಹೀಗೆ ವಿದ್ಯೆಯಾಯಿತು. ಚಿಕ್ಕಅಳುವಾರದಲ್ಲಿ 2023ರಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯ ಸುಂಟಿಕೊಪ್ಪಕ್ಕೆ ಇನ್ನೂ ಹತ್ತಿರ. ಅಲ್ಲಿ ಇತಿಹಾಸ ಓದುವವರ ಕೈಗೂ ಒಂದೊಂದು ಮಳೆ ಪುಸ್ತಕ ಕೊಡಬೇಕೆಂಬುದು ನಮ್ಮ ಆಸೆ. ಸೆಂಟನ್ನು ಮಿಲಿಮೀಟರ್ ಮಾಡುವುದನ್ನು ಯಂತ್ರವೂ ಮಾಡುತ್ತದೆ. ಮಾಪಕ ಮರದಡಿಯಲ್ಲಿತ್ತೇ, ಬೆಳಿಗ್ಗೆ ಎಷ್ಟು ಗಂಟೆಗೆ ಅಳೆದರು, ಹೋಬಳಿಯ ಸರಾಸರಿಯಲ್ಲಿ ಯಾವ ಬೆಟ್ಟ ಮರೆಯಾಯಿತು ಎಂದು ಕೇಳುವವರು ಬೇಕು. ಪರಿಹಾರದ ಅರ್ಜಿ ಹಿಡಿದು ನಿಂತವನಿಗೆ ಈ ಪ್ರಶ್ನೆಗಳು ಬರೀ ಪಾಠವಲ್ಲ.

ತಂಗಿಯ ಮಗಳನ್ನು ನಾವು ಆ ತೋಟದ ಹಳೆಯ ರೈಟರರ ಮನೆಗೆ ಕರೆದುಕೊಂಡು ಹೋದೆವು.

"ಕಾಕಾ, ಈ ದಿನ ಮಳೆ ಇರಲಿಲ್ವಾ?"

"ಮಳೆ ಇಲ್ಲದೆ ಅಲ್ಲ ಮಗಳೇ, ಮಾಪಕದ ಹತ್ತಿರ ಹೋಗಲು ದಾರಿಯೇ ಇರಲಿಲ್ಲ. ಅಳೆಯದೆ ಹೇಗೆ ಬರೆಯಲಿ?"

ಈಗ ಅವಳ ಕಡತದಲ್ಲಿ ಒಂದು ಕಾಲಂ ಹೆಚ್ಚಾಗಿದೆ. ಆಗಸ್ಟ್ 16ರ ಎದುರು ಅಂಕಿಯಿಲ್ಲ. "ಅಳೆದಿಲ್ಲ, ದಾರಿ ಕುಸಿದಿತ್ತು" ಎಂದು ಬರೆದಿದ್ದಾಳೆ.