ಹಳೆಯ ಪ್ರಶ್ನೆಪತ್ರಿಕೆ ಎಂಬ ಹಕ್ಕು

1913ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಇಂಗ್ಲಿಷ್ ಮನೆಮಾತಲ್ಲದವರಿಗಾಗಿ ಒಂದು ಹೊಸ ಪರೀಕ್ಷೆ ಶುರುಮಾಡಿದರು. ಹೊರದೇಶದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬೇಕೆಂದಿದ್ದವರಿಗೆ ‘ಇವರಿಗೆ ಈ ಭಾಷೆ ಚೆನ್ನಾಗಿ ಬರುತ್ತದೆ’ ಎಂದು ಬರೆದುಕೊಡುವ ಪರೀಕ್ಷೆ ಅದು. ಮೊದಲ ಸಲ ಕೂತವರು ಮೂರೇ ಜನ. ಮೂವರೂ ಫೇಲಾದರು.

ಪತ್ರಿಕೆಗಳ ವಿವರ ನೋಡಿದರೆ ಅದೇನೂ ಆಶ್ಚರ್ಯವಲ್ಲ. ಎಲ್ಲ ಸೇರಿ ಸುಮಾರು ಹನ್ನೆರಡು ಗಂಟೆಯ ಪರೀಕ್ಷೆ. ಇಂಗ್ಲಿಷಿನಿಂದ ಫ್ರೆಂಚ್ ಅಥವಾ ಜರ್ಮನ್‌ಗೆ ಅನುವಾದ, ಅಲ್ಲಿಂದ ಮತ್ತೆ ಇಂಗ್ಲಿಷಿಗೆ, ವ್ಯಾಕರಣ, ಸಾಹಿತ್ಯ, ಧ್ವನಿಶಾಸ್ತ್ರ, ಉಕ್ತಲೇಖನ, ಗಟ್ಟಿಯಾಗಿ ಓದುವುದು, ಮಾತುಕತೆ. ಸಾಲದ್ದಕ್ಕೆ ಒಂದು ದೊಡ್ಡ ಪ್ರಬಂಧ. ಪ್ರಬಂಧಕ್ಕೆ ಕೊಟ್ಟ ವಿಷಯಗಳಲ್ಲಿ ಮ್ಯಾಥ್ಯೂ ಆರ್ನಾಲ್ಡ್ ಇದ್ದ, ಎಲಿಜಬೆತ್ ರಾಣಿಯ ಕಾಲದ ಯಾನಗಳಿದ್ದವು, ‘ಇಂಡಿಯನ್ ಮ್ಯೂಟಿನಿ’ಯೂ ಇತ್ತು.

ಈ ಕೊನೆಯ ವಿಷಯದ ಮುಂದೆ ನಾನು ಪ್ರತಿಸಲ ನಿಂತುಬಿಡುತ್ತೇನೆ. ಹಲಗಲಿಯ ಬೇಡರ ಕಡೆಯವನೋ ನರಗುಂದದವನೋ ಒಬ್ಬ ಹುಡುಗ ಅಂದು ಆ ಪರೀಕ್ಷೆಗೆ ಕೂತಿದ್ದರೆ ಏನು ಬರೆಯುತ್ತಿದ್ದ? ವ್ಯಾಕರಣ ತಪ್ಪಿಲ್ಲದೆ ಬರೆದರಷ್ಟೇ ಅವನಿಗೆ ಸಾಕಾಗುತ್ತಿತ್ತೇ? ಭಾಷೆಯ ಪರೀಕ್ಷೆ ಎಂದು ಕರೆದರೂ, ಒಬ್ಬ ಓದಿದ ಇಂಗ್ಲಿಷ್ ಗೃಹಸ್ಥನ ತಲೆಯಲ್ಲಿರುವುದೆಲ್ಲ ನಿನ್ನ ತಲೆಯಲ್ಲೂ ಇದೆಯೇ ಎಂದು ಅದು ಕೇಳುತ್ತಿತ್ತು.

ಆದರೂ ಅದು ಪರೀಕ್ಷೆಯೇ. ಏನೇನು ಕೇಳುತ್ತಾರೆಂದು ಮೊದಲೇ ಹೇಳಿತ್ತು, ಕಷ್ಟಪಟ್ಟರೆ ಪಾಸಾಗಲು ದಾರಿಯಿತ್ತು. ಅದೇ ಕಾಲದಲ್ಲಿ ಪರೀಕ್ಷೆಯ ವೇಷ ತೊಟ್ಟ ಬೇರೊಂದು ವಸ್ತುವೂ ಚಾಲ್ತಿಯಲ್ಲಿತ್ತು.

1897ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ವಸಾಹತು ಒಂದು ವಲಸೆ ಕಾಯ್ದೆ ತಂದಿತು. ಆಗ ಗಾಂಧೀಜಿ ಅಲ್ಲಿಯೇ ವಕೀಲರಾಗಿದ್ದರು. ಒಳಗೆ ಬರುವವರು ಯಾವುದಾದರೊಂದು ಯುರೋಪಿಯನ್ ಭಾಷೆಯಲ್ಲಿ ಅರ್ಜಿ ಬರೆಯಬೇಕು ಎಂಬುದು ಅದರ ಒಂದು ನಿಯಮ. ಕಾಯ್ದೆಯಲ್ಲಿ ‘ಭಾರತೀಯರು ಬೇಡ’ ಎಂದು ಬರೆದಿರಲಿಲ್ಲ. ಬರೆಯದೆಯೇ ಆ ಕೆಲಸ ಆಗುತ್ತಿತ್ತು. ಆಸ್ಟ್ರೇಲಿಯಾ 1901ರಲ್ಲಿ ಇದೇ ಉಪಾಯವನ್ನು ಇನ್ನಷ್ಟು ಹರಿತ ಮಾಡಿತು. ಅಧಿಕಾರಿ ಐವತ್ತು ಪದಗಳ ಒಂದು ಭಾಗವನ್ನು ಓದುತ್ತಾನೆ, ಹಡಗಿನಿಂದಿಳಿದವನು ಕೇಳಿಸಿಕೊಂಡು ಬರೆಯಬೇಕು. ಯಾವ ಭಾಷೆಯಲ್ಲಿ ಓದಬೇಕೆಂಬುದನ್ನು ಮಾತ್ರ ಅಧಿಕಾರಿಯೇ ತೀರ್ಮಾನಿಸುತ್ತಾನೆ, ಅದೂ ಮನುಷ್ಯನ ಮುಖ ನೋಡಿದ ಮೇಲೆ. ಇಂಗ್ಲಿಷ್ ಬಲ್ಲವನಿಗೆ ಬೇರೆ ಭಾಷೆ, ಅದೂ ಬಂದರೆ ಮತ್ತೊಂದು. 1909ರ ನಂತರ ಈ ಉಕ್ತಲೇಖನದಲ್ಲಿ ಒಬ್ಬರೂ ಪಾಸಾಗಲಿಲ್ಲ.

1934ರಲ್ಲಿ ಎಗಾನ್ ಕಿಶ್ ಎಂಬ ಪತ್ರಕರ್ತ ಅಲ್ಲಿಗೆ ಬಂದ. ಪ್ರಾಗ್ ನಗರದವನು, ಹಿಟ್ಲರನ ವಿರೋಧಿ, ಹಲವು ಯುರೋಪಿಯನ್ ಭಾಷೆಗಳು ಬಲ್ಲವನು. ಸರ್ಕಾರಕ್ಕೆ ಅವನು ಬೇಡವಾಗಿದ್ದ. ಅವನಿಗೆ ಉಕ್ತಲೇಖನ ಕೊಟ್ಟದ್ದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ! ಕಿಶ್ ನ್ಯಾಯಾಲಯಕ್ಕೆ ಹೋದ. ಕಾಯ್ದೆ ಹೇಳುವ ಅರ್ಥದಲ್ಲಿ ಅದು ಯುರೋಪಿಯನ್ ಭಾಷೆಯೇ ಅಲ್ಲ ಎಂದು ಅಲ್ಲಿನ ಹೈಕೋರ್ಟು ತೀರ್ಪು ಕೊಟ್ಟಿತು. ಉಕ್ತಲೇಖನದ ಪದ್ಧತಿ ಮಾತ್ರ 1958ರವರೆಗೂ ನಡೆಯಿತು.

ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ. ಮಂಗಳೂರಿನಲ್ಲಿ ಸಂಜೆ ಹೊತ್ತು ನಾನು ಕೆಲವರಿಗೆ ಇಂಗ್ಲಿಷ್ ಪರೀಕ್ಷೆಗೆ ತಯಾರಿ ಮಾಡಿಸುತ್ತೇನೆ. ಬರುವವರಲ್ಲಿ ಹೆಚ್ಚಿನವರು ನರ್ಸುಗಳು. ಅವರ ಬ್ಯಾಗಿನಲ್ಲಿ ಒಂದು ಜೆರಾಕ್ಸ್ ಕಟ್ಟು ಇದ್ದೇ ಇರುತ್ತದೆ: ‘ಇತ್ತೀಚಿನ ಪ್ರಶ್ನೆಗಳು, ಉತ್ತರ ಸಹಿತ’. ಅದನ್ನು ಕಂಡು ಮೂಗು ಮುರಿಯುವ ಮೇಷ್ಟ್ರುಗಳಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನಟಾಲಿನ, ಸಿಡ್ನಿಯ ಬಂದರಿನಲ್ಲಿ ನಿಂತವರಿಗೆ ಇಲ್ಲದೇ ಹೋದದ್ದು ಅದೇ ಅಲ್ಲವೇ? ಮುಂದೆ ಏನು ಕೇಳುತ್ತಾರೆಂದು ತಿಳಿದು ತಯಾರಾಗುವ ಅವಕಾಶ. ತಯಾರಿ ಸಾಧ್ಯವೇ ಇಲ್ಲದ ಪರೀಕ್ಷೆ ಪರೀಕ್ಷೆಯಲ್ಲ, ಗೋಡೆ.

1964ರಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗಾಗಿ ಟೋಫೆಲ್ ಬಂತು. 1989ರಲ್ಲಿ ಐಇಎಲ್‌ಟಿಎಸ್ ಆ ಹೆಸರಿನಲ್ಲಿ ಶುರುವಾಯಿತು. ಇವುಗಳ ಫೀಸು ದುಬಾರಿ, ಅದರ ಬಗ್ಗೆ ಜಗಳಕ್ಕೆ ಕಾರಣವುಂಟು. ಆದರೆ ಸ್ವರೂಪ ಬಚ್ಚಿಟ್ಟದ್ದಲ್ಲ. ಐಇಎಲ್‌ಟಿಎಸ್‌ನಲ್ಲಿ ಕೇಳುವುದಕ್ಕೆ ನಲವತ್ತು ಪ್ರಶ್ನೆ, ಓದುವುದಕ್ಕೆ ನಲವತ್ತು. ಬರವಣಿಗೆ ಎರಡು, 150 ಪದಗಳದ್ದೊಂದು, 250 ಪದಗಳದ್ದೊಂದು. ಮಾತು 11ರಿಂದ 14 ನಿಮಿಷ. ಮಾತಿಗೆ ಅಂಕ ಕೊಡುವ ಅಳತೆಗಳು ನಾಲ್ಕು: ನಿರರ್ಗಳತೆ, ಪದಸಂಪತ್ತು, ವ್ಯಾಕರಣ, ಉಚ್ಚಾರಣೆ. ಯಾರು ಬೇಕಾದರೂ ಓದಬಹುದಾದಂತೆ ಅಚ್ಚಾಗಿದೆ. ಈ ನಾಲ್ಕರಲ್ಲಿ ಮ್ಯಾಥ್ಯೂ ಆರ್ನಾಲ್ಡ್ ಇಲ್ಲ ಎಂಬುದನ್ನು ಗಮನಿಸಬೇಕು.

ಜೆರಾಕ್ಸ್ ಕಟ್ಟಿನಲ್ಲಿ ನನ್ನ ತಕರಾರು ಎರಡನೆಯ ಪದದ ಮೇಲೆ: ‘ಉತ್ತರ ಸಹಿತ’. ಬೆಳ್ತಂಗಡಿ ಕಡೆಯ ಒಬ್ಬ ಹುಡುಗಿ ‘ನೆನಪಿನಲ್ಲುಳಿದ ಪ್ರಯಾಣ’ ಎಂಬ ವಿಷಯಕ್ಕೆ ಪ್ಯಾರಿಸ್ ಪ್ರವಾಸವನ್ನು ಗಿಣಿಪಾಠ ಒಪ್ಪಿಸಿದಳು. ಪ್ಯಾರಿಸ್ ನೋಡಿದ್ದೀಯಾ ಎಂದರೆ ತಲೆಯಾಡಿಸಿ ನಕ್ಕಳು. ನಿಜವಾಗಿ ನೆನಪಿರುವುದನ್ನು ಹೇಳು ಎಂದೆ. ಮಳೆಗಾಲದ ಒಂದು ರಾತ್ರಿ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಕೆಟ್ಟು ನಿಂತದ್ದು, ಒಬ್ಬರು ಅಜ್ಜಿ ಎಲ್ಲರಿಗೂ ತಮ್ಮ ಚೀಲದ ಅವಲಕ್ಕಿ ಹಂಚಿದ್ದು, ಮೊದಲು ಕನ್ನಡದಲ್ಲಿ, ಆಮೇಲೆ ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದಳು. ಎರಡು ನಿಮಿಷ ದಾಟಿದರೂ ಮಾತು ನಿಲ್ಲಲಿಲ್ಲ. ಮುಗಿಸಿದವಳೇ, “ಸರ್, ಇದನ್ನೆಲ್ಲ ಹೇಳಿದ್ರೆ ಮಾರ್ಕ್ಸ್ ಬರ್ತದಾ?” ಅಂದಳು.

ಆ ಪ್ರಶ್ನೆಯಲ್ಲಿ 1913 ಇನ್ನೂ ಉಸಿರಾಡುತ್ತಿದೆ ಎನ್ನಿಸಿತು. ಇಂಗ್ಲಿಷ್ ಎಂದರೆ ದೂರದ, ದೊಡ್ಡವರ ಸಂಗತಿ. ನಮ್ಮ ಘಾಟಿ, ನಮ್ಮ ಅವಲಕ್ಕಿ ಅದರೊಳಗೆ ಹಿಡಿಸುವುದಿಲ್ಲ ಎಂಬ ಹೆದರಿಕೆ. ಪರೀಕ್ಷೆ ಅದನ್ನು ಬಿಟ್ಟು ಎಷ್ಟೋ ಕಾಲವಾಯಿತು, ನಾವು ಬಿಟ್ಟಿಲ್ಲ. ಬಾಯಿಪಾಠದ ಉತ್ತರವನ್ನು ಪರೀಕ್ಷಕರು ಸುಲಭವಾಗಿ ಗುರುತಿಸುತ್ತಾರೆ, ಅಂಕ ಇಳಿಯುತ್ತದೆ. ಸ್ವಂತದ್ದು ತಡವರಿಸಿದರೂ ಮುಂದಕ್ಕೆ ಹರಿಯುತ್ತದೆ.

ಹಾಗೆಂದು ಗೋಡೆಗಳೆಲ್ಲ ಬಿದ್ದಿವೆ ಎಂದೇನೂ ಅಲ್ಲ. ಪರೀಕ್ಷೆ ಒಂದು ಅಂಕಿಯನ್ನು ಕೊಡುತ್ತದೆ, ಎಷ್ಟಿದ್ದರೆ ಸಾಕು ಎನ್ನುವವರು ಬೇರೆಯವರು. ಬ್ರಿಟನ್ನಿನ ನರ್ಸಿಂಗ್ ಮಂಡಳಿ ಮೊದಲು ಬರವಣಿಗೆಯಲ್ಲೂ 7 ಕೇಳುತ್ತಿತ್ತು, 2018ರ ಕೊನೆಗೆ ಅದನ್ನು 6.5ಕ್ಕೆ ಇಳಿಸಿತು. ಹಿಂದಿನ ದಿನ ಸಾಲದಿದ್ದ ಇಂಗ್ಲಿಷ್ ಮರುದಿನ ಸಾಕಾಯಿತು. ಬದಲಾದದ್ದು ನರ್ಸುಗಳ ಭಾಷೆಯಲ್ಲ, ಬಾಗಿಲು ಕಾಯುವವರ ಅಗತ್ಯ. ಅರ್ಧ ಅಂಕದಲ್ಲಿ ಹಿಂದೆ ಬಿದ್ದವರು ತಮ್ಮನ್ನು ದಡ್ಡರೆಂದು ಬೈದುಕೊಳ್ಳುವಾಗ ಈ ಮಾತನ್ನು ನೆನಪಿಸುತ್ತೇನೆ.

ಆದ್ದರಿಂದ ತಯಾರಾಗುತ್ತಿರುವ ಗೆಳೆಯರಿಗೆ ಹೇಳುವುದಿಷ್ಟೆ. ಇತ್ತೀಚಿನ ಪ್ರಶ್ನೆಗಳನ್ನು ಹುಡುಕಿ ಓದಿ, ಸಂಕೋಚ ಬೇಡ. ಗಡಿಯಾರ ಇಟ್ಟುಕೊಂಡು ಬರೆಯಿರಿ, ಮಾತಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಒಂದೇ ಪ್ರಶ್ನೆ ಮತ್ತೆ ಬರಲೆಂದು ಕಾಯಬೇಡಿ. ಪ್ರಶ್ನೆ ಕೇಳುವ ರೀತಿ ಕೈಗೆ ರೂಢಿಯಾಗಲಿ. ಉತ್ತರದ ಹಾಳೆಗಳನ್ನು ಮಾತ್ರ ಆ ಕಟ್ಟಿನಿಂದ ಕಿತ್ತು ಪಕ್ಕಕ್ಕಿಡಿ. ಅಲ್ಲಿ ನಿಮ್ಮ ಚಾರ್ಮಾಡಿಯನ್ನು ಬರೆಯಬೇಕಾದವರು ನೀವೇ.